ಓವರ್‌ಡ್ರೈವ್ ಬೀಳುತ್ತಿಲ್ಲವೇ? ಗೇರ್‌ಬಾಕ್ಸ್ ಬಿಚ್ಚಿಸುವ ಮುಂಚೆ ಇಷ್ಟು ನೋಡಿ

ದೂರು ಎರಡು ಥರ ಬರುತ್ತದೆ. "ಹೈವೇಯಲ್ಲಿ ನೂರರಲ್ಲಿ ಹೋಗ್ತಿದ್ರೆ ಇಂಜಿನ್ ಕಿರುಚುತ್ತೆ, ಮೊದಲು ಹೀಗಿರ್ಲಿಲ್ಲ, ಪೆಟ್ರೋಲೂ ಜಾಸ್ತಿ ಕುಡೀತಿದೆ" ಅನ್ನುವುದು ಒಂದು. "ಏರು ಬಂತು ಅಂದ್ರೆ ಗೇರ್ ಇಳಿಯುತ್ತೆ, ಏರುತ್ತೆ, ಮತ್ತೆ ಇಳಿಯುತ್ತೆ, ಒಂದು ಕಡೆ ನಿಲ್ಲಲ್ಲ" ಅನ್ನುವುದು ಇನ್ನೊಂದು. ಎರಡೂ ಆಟೋಮ್ಯಾಟಿಕ್ ಗಾಡಿಯ ಓವರ್‌ಡ್ರೈವ್‌ಗೆ ಸಂಬಂಧಪಟ್ಟದ್ದೇ. ಮೊದಲನೆಯದು ದೋಷ ಇರಬಹುದು. ಎರಡನೆಯದು ಬಹಳ ಸಲ ದೋಷವೇ ಅಲ್ಲ. ಗೇರ್ ಲಿವರಿನ ಓವರ್‌ಡ್ರೈವ್ ಗುಂಡಿ ಒತ್ತಬೇಕಾದ ಕಡೆ ಒತ್ತಿಲ್ಲ, ಅಷ್ಟೆ.

ನನ್ನ ಹಳೆಯ ನಾಲ್ಕು ಗೇರಿನ ಕಾರಿಗೂ ಮೊದಲನೇ ಕಾಯಿಲೆ ಬಂದಿತ್ತು. ತೋರಿಸಿದ ಮೊದಲ ಗ್ಯಾರೇಜಿನಲ್ಲಿ ಒಂದು ರೌಂಡು ಓಡಿಸಿ ನೋಡಿ, "ಗೇರ್‌ಬಾಕ್ಸ್ ಇಳಿಸಬೇಕು ಸರ್" ಅಂದರು. ಇಳಿಸಲಿಲ್ಲ. ಕೊನೆಗೆ ಬದಲಾಯಿಸಿದ್ದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಬಿಡಿಭಾಗ, ಅದೂ ಗೇರ್‌ಬಾಕ್ಸಿನದಲ್ಲ. ಆ ಕಥೆ ಮುಂದೆ ಬರುತ್ತದೆ. ಅದಾದ ಮೇಲೆ ನಾನು ಈ ತೊಂದರೆಯನ್ನು ಹೊರಗಿನಿಂದ ಒಳಗೆ ನೋಡುತ್ತಾ ಹೋಗುತ್ತೇನೆ. ಗೇರ್‌ಬಾಕ್ಸ್ ಸರದಿ ಕಟ್ಟಕಡೆಗೆ.

ಓವರ್‌ಡ್ರೈವ್ ಅಂದರೆ ಇಷ್ಟೇ

ಸಾಮಾನ್ಯ ಗೇರುಗಳಲ್ಲಿ ಇಂಜಿನ್ ಜಾಸ್ತಿ ಸುತ್ತುತ್ತದೆ, ಗೇರ್‌ಬಾಕ್ಸಿನಿಂದ ಹೊರಗೆ ಬರುವ ಶಾಫ್ಟ್ ಕಡಿಮೆ ಸುತ್ತುತ್ತದೆ. ಓವರ್‌ಡ್ರೈವ್‌ನಲ್ಲಿ ಇದು ತಿರುವುಮುರುವು: ಇಂಜಿನ್‌ಗಿಂತ ಶಾಫ್ಟೇ ಬೇಗ ಸುತ್ತುತ್ತದೆ. ಜನರಲ್ ಮೋಟರ್ಸ್ 1982ರ ಮಾದರಿಗಳಿಗೆ ತಂದ 700ಆರ್4 ಗೇರ್‌ಬಾಕ್ಸನ್ನೇ ತೆಗೆದುಕೊಳ್ಳಿ. ಅದರ ನಾಲ್ಕು ಗೇರುಗಳ ಅನುಪಾತ 3.06, 1.63, 1.00, 0.70. ಕೊನೆಯದು ಒಂದಕ್ಕಿಂತ ಕಡಿಮೆ, ಅದೇ ಓವರ್‌ಡ್ರೈವ್. ಪೆಟ್ರೋಲ್ ಉಳಿಸಲೇಬೇಕು ಅನ್ನುವ ಒತ್ತಡ ಬಂದ ಕಾಲದಲ್ಲಿ ಇಂಥ ಗೇರ್‌ಬಾಕ್ಸುಗಳು ಒಂದರ ಹಿಂದೆ ಒಂದು ಬಂದವು. ಇಂಜಿನ್ ನಿಧಾನ ಸುತ್ತುತ್ತದೆ, ಸದ್ದು ಇಳಿಯುತ್ತದೆ, ಸವೆತ ಕಡಿಮೆ. ಬದಲಿಗೆ ಎಳೆಯುವ ಶಕ್ತಿ ಕಡಿಮೆ. ಅದಕ್ಕೇ ಏರಿನಲ್ಲಿ ಒದ್ದಾಡುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಿಸಿಬಿಡೋಣ. ಓವರ್‌ಡ್ರೈವ್ ಆನ್ ಅಂದರೆ ಗಾಡಿ ಆ ಗೇರಿನಲ್ಲೇ ಇದೆ ಅಂತಲ್ಲ. ಬೇಕಾದಾಗ ಆ ಗೇರ್ ಹಾಕಿಕೊಳ್ಳಲು ಅದಕ್ಕೆ ಅನುಮತಿ ಇದೆ ಅಂತ. ಆಫ್ ಅಂದರೆ ಮೂರನೇ ಗೇರಿಗೆ ನಿಂತುಬಿಡು ಅಂತ.

ಗುಂಡಿ ಮತ್ತು ದೀಪ

ಈಗ ಗೇರ್ ಲಿವರ್ ಪಕ್ಕದ ಗುಂಡಿ, ಮೀಟರಿನಲ್ಲಿ ಹಳದಿ ಬಣ್ಣದ "ಓ/ಡಿ ಆಫ್" ದೀಪ. ದೀಪ ಉರಿಯುತ್ತಿದೆ ಅಂದರೆ ಓವರ್‌ಡ್ರೈವ್ ಆಫ್ ಆಗಿದೆ. ದೀಪ ಇಲ್ಲ ಅಂದರೆ ಆನ್. ಇದು ಉಲ್ಟಾ ಅನ್ನಿಸುತ್ತದೆ, ಅಲ್ವಾ? ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಲ್ಲಿ ಬಹಳ ಜನ ತಿಂಗಳುಗಟ್ಟಲೆ ದೀಪ ಹಾಕಿಕೊಂಡೇ ಓಡಿಸುತ್ತಾರೆ. "ಏನೋ ಒಂದು ಆನ್ ಆಗಿದೆಯಲ್ಲ, ಇರಲಿ ಬಿಡು" ಅಂದುಕೊಂಡು. ನನ್ನ ಭಾವ ಹಾಗೇ ಒಂದು ಇಡೀ ಮಳೆಗಾಲ ಓಡಿಸಿದ್ದರು. ಗುಂಡಿ ಒತ್ತಿ ತೋರಿಸಿದಾಗ ಅವರ ಮುಖ ನೋಡಬೇಕಿತ್ತು.

ಹಾಗಾಗಿ ಮೊದಲ ಪರೀಕ್ಷೆ ಇದೇ. ಕೀ ಆನ್ ಮಾಡಿ, ಗುಂಡಿ ಒತ್ತಿ, ದೀಪ ಹತ್ತಿ ಆರುತ್ತದಾ ನೋಡಿ. ಕೆಲವು ಗಾಡಿಗಳಲ್ಲಿ ಗುಂಡಿ ಒಳಗೆ ಕೂತಿದ್ದರೆ ಆನ್, ಹೊರಗೆ ಬಂದಿದ್ದರೆ ಆಫ್, ಮತ್ತೆ ಸ್ಟಾರ್ಟ್ ಮಾಡಿದರೂ ಹಾಗೇ ಇರುತ್ತದೆ. ಇನ್ನು ಕೆಲವದರಲ್ಲಿ ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ತಾನಾಗಿ ಆನ್‌ಗೆ ಬಂದುಬಿಡುತ್ತದೆ. ಗುಂಡಿ ಒತ್ತಿದರೂ ದೀಪ ಬದಲಾಗುತ್ತಿಲ್ಲ ಅಂದರೆ ಸ್ವಿಚ್ ಅಥವಾ ಅದರ ವೈರ್ ಕೆಟ್ಟಿದೆ. ಆ ವೈರ್ ಲಿವರಿನ ಒಳಗಿಂದ ಬರುತ್ತದೆ, ಲಿವರ್ ಹಿಂದೆ ಮುಂದೆ ಆಡಿದಾಗಲೆಲ್ಲ ಮಡಚುತ್ತದೆ. ವರ್ಷಗಟ್ಟಲೆ ಮಡಚಿ ಮಡಚಿ ಬುಡದ ಹತ್ತಿರ ಕಡಿದುಹೋಗುತ್ತದೆ. ಲಿವರ್ ಡಿ‌ನಲ್ಲಿದ್ದಾಗ ಒಂದು ಥರ, ಪಿ‌ನಲ್ಲಿದ್ದಾಗ ಇನ್ನೊಂದು ಥರ ದೀಪ ಆಡಿದರೆ ಇದೇ ಕಾರಣ ಅಂತ ಅನುಮಾನ ಪಡಿ. ಕಪ್ಪಿನಿಂದ ಏನಾದರೂ ಚೆಲ್ಲಿ ಗುಂಡಿ ಅಂಟಿಕೊಂಡಿರುವುದೂ ಉಂಟು.

ಯಾವಾಗ ಆನ್, ಯಾವಾಗ ಆಫ್

ಸುಮ್ನೆ ಆನ್‌ನಲ್ಲೇ ಬಿಟ್ಟುಬಿಡಿ. ದಿನನಿತ್ಯದ ಓಡಾಟಕ್ಕೆ ಇದೇ ಸರಿ. ಆಫ್ ಮಾಡುವುದು ಕೆಲವೇ ಸಂದರ್ಭಗಳಲ್ಲಿ.

ಉದ್ದದ ಏರಿನಲ್ಲಿ ಗೇರ್ ಮೂರಕ್ಕೂ ನಾಲ್ಕಕ್ಕೂ ನಡುವೆ ತೂಗಾಡುತ್ತಿದ್ದರೆ ಆಫ್ ಮಾಡಿ. ಪ್ರತಿ ಬದಲಾವಣೆಗೂ ಒಳಗಿನ ಕ್ಲಚ್ ಪ್ಲೇಟುಗಳು ಸ್ವಲ್ಪ ಜಾರಿ ಹಿಡಿಯುತ್ತವೆ, ಜಾರಿದಷ್ಟೂ ಬಿಸಿ ಹುಟ್ಟುತ್ತದೆ. ಹತ್ತು ಕಿಲೋಮೀಟರ್ ಏರಿನಲ್ಲಿ ಐವತ್ತು ಸಲ ಹಾಗಾಗುವುದಕ್ಕಿಂತ ಮೂರನೇ ಗೇರಿನಲ್ಲೇ ನೆಮ್ಮದಿಯಾಗಿ ಹತ್ತುವುದು ವಾಸಿ. ಟ್ರೇಲರ್ ಎಳೆಯುವಾಗಲೂ ಇದೇ ಮಾತು. ಉದ್ದದ ಇಳಿಜಾರಿನಲ್ಲಿ ಆಫ್ ಮಾಡಿದರೆ ಇಂಜಿನ್ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕ್ ಕಾಯುವುದಿಲ್ಲ. ಆದರೆ ರಸ್ತೆ ಜಾರುತ್ತಿದ್ದರೆ ಇಳಿಜಾರಿನಲ್ಲಿ ದಿಢೀರನೆ ಆಫ್ ಒತ್ತಬೇಡಿ. ಇಂಜಿನ್ ಹಠಾತ್ತಾಗಿ ಹಿಡಿದರೆ ಚಕ್ರ ಜಾರಬಹುದು.

ಓಡುತ್ತಿರುವಾಗ ಗುಂಡಿ ಒತ್ತಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಒತ್ತಬಹುದು, ಅದು ಇರುವುದೇ ಅದಕ್ಕೆ. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅನ್ನುವ ಲೆಕ್ಕ) ಸುಮಾರು 1.4 ಪಟ್ಟು ಏರುತ್ತದೆ ಅನ್ನುವುದು ನೆನಪಿರಲಿ. 2,400ರಲ್ಲಿದ್ದ ಮುಳ್ಳು 3,400ಕ್ಕೆ ಹೋಗುತ್ತದೆ, ಅದರಲ್ಲಿ ಹೆದರುವಂಥದ್ದೇನಿಲ್ಲ. ಮುಳ್ಳು ಆಗಲೇ ಕೆಂಪು ಗೆರೆಯ ಕಡೆ ಮುಖ ಮಾಡಿದ್ದರೆ ಮೊದಲು ವೇಗ ಇಳಿಸಿ.

ಕ್ರೂಸ್ ಕಂಟ್ರೋಲ್ ಹಾಕಿದಾಗ ಮಾತ್ರ ಏರಿನಲ್ಲಿ ಓವರ್‌ಡ್ರೈವ್ ಬಿಟ್ಟುಹೋಗುತ್ತದೆ ಅನ್ನುವ ದೂರನ್ನು ದೂರು ಅಂತ ಲೆಕ್ಕಕ್ಕೇ ಇಡಬೇಡಿ. ನಿಗದಿ ಮಾಡಿದ ವೇಗಕ್ಕಿಂತ ಗಾಡಿ ಕೆಳಗೆ ಬಿದ್ದರೆ ಕ್ರೂಸ್ ಕಂಟ್ರೋಲೇ ಓವರ್‌ಡ್ರೈವ್ ತೆಗೆಯಲು ಹೇಳುತ್ತದೆ.

ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ

ಗುಂಡಿ ಸರಿ ಇದೆ, ದೀಪ ಆರಿದೆ, ಆದರೂ ಅನುಮಾನ. ಆಗ ಒಂದು ಕಾಗದದಲ್ಲಿ ಲೆಕ್ಕ ಹಾಕಿಕೊಂಡು ಹೊರಡಿ. ಸಾಧಾರಣ ಕಾರಿನ ಟೈರ್ ಒಂದು ಸುತ್ತಿಗೆ ಸುಮಾರು 2 ಮೀಟರ್ ಹೋಗುತ್ತದೆ. ಗಂಟೆಗೆ 100 ಕಿಲೋಮೀಟರ್ ಅಂದರೆ ನಿಮಿಷಕ್ಕೆ 1,667 ಮೀಟರ್, ಅಂದರೆ ಟೈರ್ ನಿಮಿಷಕ್ಕೆ ಸುಮಾರು 833 ಸುತ್ತು. ಇದನ್ನು ನಿಮ್ಮ ಗಾಡಿಯ ಫೈನಲ್ ಡ್ರೈವ್ ಅನುಪಾತದಿಂದ (ಗೇರ್‌ಬಾಕ್ಸಿನ ಶಾಫ್ಟ್ ಎಷ್ಟು ಸುತ್ತಿದರೆ ಚಕ್ರ ಒಂದು ಸುತ್ತು ಅನ್ನುವ ಲೆಕ್ಕ) ಗುಣಿಸಿ. ಅದು 4.1 ಅಂತಿಟ್ಟುಕೊಳ್ಳಿ, 3,417 ಬಂತು. ಮೂರನೇ ಗೇರ್ 1.00 ಆದರೆ ಇಂಜಿನ್ ಇಷ್ಟು ಸುತ್ತಬೇಕು. ನಾಲ್ಕನೆಯದು 0.70 ಆದರೆ 2,392. ಎರಡಕ್ಕೂ ಸಾವಿರ ಸುತ್ತಿನ ವ್ಯತ್ಯಾಸ. ಊಹೆ ಮಾಡುವ ಪ್ರಶ್ನೆಯೇ ಇಲ್ಲ, ಮುಳ್ಳು ಎಲ್ಲಿ ನಿಂತಿದೆ ನೋಡಿದರೆ ಯಾವ ಗೇರಿನಲ್ಲಿದ್ದೀರಿ ಗೊತ್ತಾಗುತ್ತದೆ. ಟೈರ್ ಅಳತೆ, ಅನುಪಾತ ಎರಡೂ ನಿಮ್ಮ ಗಾಡಿಯವೇ ಆಗಿರಲಿ.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಹಗುರವಾಗಿ ಒತ್ತುತ್ತಾ ವೇಗ ಏರಿಸಿ. ಮುಳ್ಳು ಎಷ್ಟು ಸಲ ಇಳಿಯಿತು ಎಣಿಸಿ. ನಾಲ್ಕು ಗೇರಿನ ಗಾಡಿಯಲ್ಲಿ ಮೂರು ಸಲ ದೊಡ್ಡದಾಗಿ ಇಳಿಯಬೇಕು. ಅದಾದ ಮೇಲೆ ಇನ್ನೊಂದು ಸಣ್ಣ ಇಳಿತ ಬರುತ್ತದೆ. ಅದು ಗೇರ್ ಅಲ್ಲ, ಟಾರ್ಕ್ ಕನ್ವರ್ಟರ್ ಲಾಕ್ ಆದದ್ದು. ಕನ್ವರ್ಟರ್ ಅಂದರೆ ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಡಬ್ಬಿ. ಎಣ್ಣೆ ಅಂದಮೇಲೆ ಸ್ವಲ್ಪ ಜಾರುತ್ತದೆ. ವೇಗ ಹಿಡಿದ ಮೇಲೆ ಒಳಗಿನ ಕ್ಲಚ್ ಅದನ್ನು ಲಾಕ್ ಮಾಡಿ ಜಾರುವಿಕೆ ನಿಲ್ಲಿಸುತ್ತದೆ.

ಈಗ ಹಿಂದೆ ಯಾರೂ ಇಲ್ಲ ಅಂತ ಕನ್ನಡಿ ನೋಡಿಕೊಳ್ಳಿ. ಆಕ್ಸಿಲರೇಟರ್ ಹಾಗೇ ಹಿಡಿದು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಗಾಡಿ ನಿಧಾನವಾಗಬಾರದು. ಮುಳ್ಳು ಒಂದಿನ್ನೂರು ಮೇಲಕ್ಕೆ ಜಿಗಿದರೆ ಲಾಕಪ್ ಕೆಲಸ ಮಾಡುತ್ತಿತ್ತು, ಬ್ರೇಕ್ ಮುಟ್ಟಿದ್ದಕ್ಕೆ ಬಿಟ್ಟುಕೊಂಡಿತು. ಜಿಗಿಯಲೇ ಇಲ್ಲ ಅಂದರೆ ಲಾಕ್ ಆಗಿರಲೇ ಇಲ್ಲ. ಆಮೇಲೆ ಓವರ್‌ಡ್ರೈವ್ ಗುಂಡಿ ಒತ್ತಿ ಆಫ್ ಮಾಡಿ. ಮುಳ್ಳು ಸಾವಿರದಷ್ಟು ಏರಿದರೆ ಓವರ್‌ಡ್ರೈವ್ ಬಿದ್ದಿತ್ತು. ಅಲ್ಲಾಡದಿದ್ದರೆ ಬಿದ್ದೇ ಇರಲಿಲ್ಲ.

ಇಷ್ಟು ಮಾಡಿದರೆ ಅರ್ಧ ದಾರಿ ಮುಗಿಯಿತು. "ಓವರ್‌ಡ್ರೈವ್ ಬೀಳ್ತಿಲ್ಲ" ಅಂತ ಬರುವ ಗಾಡಿಗಳಲ್ಲಿ ಕೆಲವದರಲ್ಲಿ ಓವರ್‌ಡ್ರೈವ್ ಬೀಳುತ್ತಿರುತ್ತದೆ, ಲಾಕಪ್ ಮಾತ್ರ ಆಗುತ್ತಿರುವುದಿಲ್ಲ. ಅದಕ್ಕೆ ಬಹಳ ಸಣ್ಣ ಕಾರಣವೂ ಇರಬಹುದು: ಬ್ರೇಕ್ ಪೆಡಲಿನ ಮೇಲಿರುವ ಸ್ವಿಚ್. ಅದು ಅಂಟಿಕೊಂಡಿದ್ದರೆ ನೀವು ಬ್ರೇಕ್ ತುಳಿದೇ ಇದ್ದೀರಿ ಅಂತ ಕಂಪ್ಯೂಟರ್ ಅಂದುಕೊಳ್ಳುತ್ತದೆ, ಲಾಕಪ್ ಕೊಡುವುದಿಲ್ಲ. ಕತ್ತಲಲ್ಲಿ ಗೋಡೆಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿ, ಕಾಲು ತೆಗೆದಾಗ ಬ್ರೇಕ್ ದೀಪ ಆರುತ್ತದಾ ನೋಡಿ.

ಇಂಜಿನ್ ಬಿಸಿಯಾಗದಿದ್ದರೆ

ನನ್ನ ಕಾರಿನ ಕಥೆ ಇದು. ಚಳಿಗಾಲದ ಬೆಳಿಗ್ಗೆ ಹೊರಟರೆ ಅರ್ಧ ಗಂಟೆಯಾದರೂ ಓವರ್‌ಡ್ರೈವ್ ಬೀಳುತ್ತಿರಲಿಲ್ಲ. ಮಧ್ಯಾಹ್ನ ವಾಪಸ್ ಬರುವಾಗ ಎಲ್ಲ ಸರಿ. ಗ್ಯಾರೇಜಿಗೆ ತೋರಿಸಿದ್ದು ಬೆಳಿಗ್ಗೆ, ಅವರು ಕೆಟ್ಟಿದೆ ಅಂದರು. ಗೆಳೆಯನೊಬ್ಬ ಪಕ್ಕದಲ್ಲಿ ಕೂತಿದ್ದವನು ಆರ್‌ಪಿಎಂ ಮೀಟರನ್ನು ನೋಡಲೇ ಇಲ್ಲ, ಅದರ ಪಕ್ಕದ ಟೆಂಪರೇಚರ್ ಮುಳ್ಳು ತೋರಿಸಿದ. "ಇದು ಯಾವತ್ತೂ ಇಷ್ಟೇನಾ?" ಮುಳ್ಳು ಕೆಳಗಿನ ಗೆರೆಯಿಂದ ಒಂದು ಬೆರಳು ಮೇಲೆ ಇತ್ತು. ಇಪ್ಪತ್ತೈದು ಕಿಲೋಮೀಟರ್ ಬಂದಿದ್ದೆವು.

ಕಾರಣ ಇಷ್ಟು: ಇಂಜಿನ್ನಿನ ನೀರು ಸಾಕಷ್ಟು ಬಿಸಿಯಾಗುವವರೆಗೂ ಕಂಪ್ಯೂಟರ್ ಓವರ್‌ಡ್ರೈವ್ ಕೊಡುವುದಿಲ್ಲ, ಲಾಕಪ್ಪೂ ಕೊಡುವುದಿಲ್ಲ. ತಣ್ಣಗಿನ ಇಂಜಿನ್ ಬೇಗ ಬಿಸಿಯಾಗಲಿ ಅಂತ ಬೇಕೆಂದೇ ಜಾಸ್ತಿ ಸುತ್ತಿಸುತ್ತದೆ. ನನ್ನ ಕಾರಿನ ಥರ್ಮೋಸ್ಟಾಟ್, ಅಂದರೆ ನೀರು ಬಿಸಿಯಾಗುವವರೆಗೆ ಅದನ್ನು ರೇಡಿಯೇಟರಿಗೆ ಬಿಡದ ಕವಾಟ, ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿತ್ತು. ನೀರು ಶುರುವಿನಿಂದಲೇ ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತಿತ್ತು. ಹೊಸದು ಹಾಕಲು ಒಂದು ಗಂಟೆಯೂ ಹಿಡಿಯಲಿಲ್ಲ.

ನೀವೇ ಪರೀಕ್ಷಿಸಬಹುದು. ರಾತ್ರಿ ನಿಂತ ಗಾಡಿ ಸ್ಟಾರ್ಟ್ ಮಾಡಿ, ಫ್ಯಾನಿನಿಂದ ಕೈ ದೂರ ಇಟ್ಟುಕೊಂಡು ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡುತ್ತಿರಿ. ಥರ್ಮೋಸ್ಟಾಟ್ ಸರಿ ಇದ್ದರೆ ಅದು ಬಹಳ ಹೊತ್ತು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಹೋದರೆ ತೆರೆದೇ ಇದೆ. ಸ್ಕ್ಯಾನರಿನಲ್ಲಿ (ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸಾಧನ) ಪಿ0128 ಬಂದರೆ ಅದೂ ಇದನ್ನೇ ಹೇಳುತ್ತದೆ.

ದೀಪ ಮಿಟುಕುತ್ತಿದ್ದರೆ

ಉರಿಯುವುದು ಬೇರೆ, ಮಿಟುಕುವುದು ಬೇರೆ. "ಓ/ಡಿ ಆಫ್" ಮಿಟುಕುತ್ತಿದ್ದರೆ ಬಹಳಷ್ಟು ಗಾಡಿಗಳಲ್ಲಿ ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ದೋಷ ಬರೆದಿಟ್ಟುಕೊಂಡಿದೆ ಅಂತ ಅರ್ಥ. ಆ ಬರಹ ಓದುವ ಮುಂಚೆ ಬ್ಯಾಟರಿ ವೈರ್ ಕಿತ್ತು ಹಾಕಬೇಡಿ. ದೀಪ ಆರುತ್ತದೆ, ಸುಳಿವೂ ಅಳಿಸಿಹೋಗುತ್ತದೆ.

ಸ್ಕ್ಯಾನರಿನಲ್ಲಿ ಪಿ0741 ಬಂದರೆ ಕನ್ವರ್ಟರ್ ಲಾಕಪ್. ಪಿ0715 ಒಳಬರುವ ಶಾಫ್ಟಿನ, ಪಿ0720 ಹೊರಹೋಗುವ ಶಾಫ್ಟಿನ ಸ್ಪೀಡ್ ಸೆನ್ಸರ್. ಪಿ0750, ಪಿ0755 ಗೇರ್ ಬದಲಿಸುವ ಸೊಲೆನಾಯ್ಡುಗಳದು, ಅಂದರೆ ಕರೆಂಟಿನಿಂದ ಎಣ್ಣೆಯ ದಾರಿ ತೆರೆದು ಮುಚ್ಚುವ ಕವಾಟಗಳದು. ಪಿ0218 ಬಂದರೆ ಗೇರ್‌ಬಾಕ್ಸ್ ವಿಪರೀತ ಬಿಸಿಯಾಗಿತ್ತು ಅಂತ. ಸ್ಕ್ಯಾನರ್ ಕೂರದ ಹಳೆಯ ಟೊಯೋಟಾಗಳಲ್ಲಿ ಬೇರೆ ಉಪಾಯ ಇದೆ. ಬಾನೆಟ್ ಕೆಳಗಿನ ಡಯಾಗ್ನೋಸಿಸ್ ಡಬ್ಬಿಯಲ್ಲಿ ಟಿಇ1, ಇ1 ಅನ್ನುವ ಎರಡು ಪಿನ್ನುಗಳನ್ನು ವೈರ್ ತುಂಡಿನಿಂದ ಸೇರಿಸಿ, ಓವರ್‌ಡ್ರೈವ್ ಗುಂಡಿ ಆನ್ ಇಟ್ಟು ಕೀ ತಿರುಗಿಸಬೇಕು. ದೀಪವೇ ಮಿಟುಕಿ ಸಂಖ್ಯೆ ಹೇಳುತ್ತದೆ. ಆರು ಸಲ ಮಿಟುಕಿ, ತಡೆದು, ಎರಡು ಸಲ ಮಿಟುಕಿದರೆ 62, ಅಂದರೆ ಒಂದನೇ ಸೊಲೆನಾಯ್ಡು. 63 ಎರಡನೆಯದು, 64 ಲಾಕಪ್ಪಿನದು. ಪಿನ್ನಿನ ಹೆಸರು ಮುಚ್ಚಳದಲ್ಲೇ ಬರೆದಿರುತ್ತದೆ. ಓದಿಕೊಂಡೇ ವೈರ್ ಹಾಕಿ, ತಪ್ಪು ಪಿನ್ ಸೇರಿಸಿದರೆ ಇಲ್ಲದ ತೊಂದರೆ ಹುಟ್ಟುತ್ತದೆ.

ಎಣ್ಣೆ

ಗೇರ್‌ಬಾಕ್ಸ್ ಎಣ್ಣೆ ಇಂಜಿನ್ ಆಯಿಲ್‌ನಂತಲ್ಲ, ಬಿಸಿಯಾಗಿರುವಾಗ ಅಳೆಯಬೇಕು. ಹೆಚ್ಚಿನ ಗಾಡಿಗಳಲ್ಲಿ ಇಂಜಿನ್ ಓಡುತ್ತಿರಬೇಕು, ಲಿವರನ್ನು ಎಲ್ಲ ಸ್ಥಾನಗಳಿಗೂ ಒಂದು ಸುತ್ತು ತಿರುಗಿಸಿ ಪಿ‌ಗೆ ತಂದಿರಬೇಕು. ಹೋಂಡಾಗಳಲ್ಲಿ ಇಂಜಿನ್ ನಿಲ್ಲಿಸಿ ಅಳೆಯುತ್ತಾರೆ. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಜಾಸ್ತಿಯಾದರೂ ನೊರೆ ಬರುತ್ತದೆ, ನೊರೆಗೆ ಒತ್ತಡ ಇರುವುದಿಲ್ಲ. ಎಣ್ಣೆ ಅಳೆಯುವ ಕಡ್ಡಿಯಿಂದ ಒಂದು ಹನಿ ಬಿಳಿ ಕಾಗದದ ಮೇಲೆ ಬಿಡಿ. ಕೆಂಪಗಿದ್ದರೆ ಸರಿ. ಕಂದು ತಿರುಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸುಟ್ಟಿದೆ. ಹಾಲು ಬೆರೆಸಿದ ಗುಲಾಬಿ ಬಣ್ಣ ಬಂದರೆ ರೇಡಿಯೇಟರಿನ ನೀರು ಎಣ್ಣೆಗೆ ಸೇರಿದೆ. ಆ ಗಾಡಿಯನ್ನು ಮುಂದೆ ಓಡಿಸಲೇಬೇಡಿ.

ಹಳೆಯ ಗಾಡಿಗಳಲ್ಲಿ ಆಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಒಂದು ಕೇಬಲ್ಲೂ ಇರುತ್ತದೆ. ಅದು ಜಾಸ್ತಿ ಬಿಗಿಯಾದರೆ ಗೇರುಗಳು ತಡವಾಗಿ ಬೀಳುತ್ತವೆ. ಸಡಿಲವಾದರೆ ಒಳಗಿನ ಎಣ್ಣೆಯ ಒತ್ತಡ ಇಳಿದು ಕ್ಲಚ್ಚುಗಳು ಜಾರಿ ಸುಟ್ಟುಹೋಗುತ್ತವೆ. ಮೇಲೆ ಹೇಳಿದ 700ಆರ್4 ಈ ಕಾರಣಕ್ಕೇ ಬಹಳ ಕೆಟ್ಟ ಹೆಸರು ತೆಗೆದುಕೊಂಡಿತ್ತು.

ಪ್ಲಗ್ ಕಿತ್ತು ಓಡಿಸುವುದು

ನನಗೆ ಬಹಳ ಇಷ್ಟವಾದ ಪರೀಕ್ಷೆ ಇದು, ಬಹಳ ಜನ ಮಾಡದಿರುವ ಪರೀಕ್ಷೆಯೂ ಹೌದು. ಟೊಯೋಟಾದ ಎ340ಇ ಗೇರ್‌ಬಾಕ್ಸಿನಲ್ಲಿ ಎರಡು ಸೊಲೆನಾಯ್ಡುಗಳಿಗೂ ಕರೆಂಟ್ ಇಲ್ಲದಾಗ ಸಿಗುವ ಗೇರ್ ಓವರ್‌ಡ್ರೈವೇ. ಅಂದರೆ ಸೊಲೆನಾಯ್ಡಿನ ಪ್ಲಗ್ ಕಿತ್ತಿಟ್ಟು, ಲಿವರ್ ಡಿ‌ಗೆ ಹಾಕಿದರೆ ಗಾಡಿ ನೇರ ನಾಲ್ಕನೇ ಗೇರಿನಲ್ಲೇ ಹೊರಡುತ್ತದೆ. 2ಕ್ಕೆ ಹಾಕಿದರೆ ಮೂರನೆಯದು, ಎಲ್‌ಗೆ ಹಾಕಿದರೆ ಒಂದನೆಯದು. ಎಲ್‌ನಲ್ಲಿ ಹೊರಟು, 2ಕ್ಕೆ ತಂದು, ಕೊನೆಗೆ ಡಿ‌ಗೆ ತನ್ನಿ. ಆರ್‌ಪಿಎಂ ಇಳಿದು ಲೆಕ್ಕದ ಸಂಖ್ಯೆಗೆ ಬಂದು ನಿಂತರೆ ಓವರ್‌ಡ್ರೈವ್ ಯಂತ್ರ ಗಟ್ಟಿಯಾಗಿದೆ. ತೊಂದರೆ ಇರುವುದು ವೈರ್, ಸೆನ್ಸರ್, ಸೊಲೆನಾಯ್ಡು ಅಥವಾ ಕಂಪ್ಯೂಟರ್‌ನಲ್ಲಿ. ಓಮ್ ಮೀಟರಿನಲ್ಲಿ ಈ ಗೇರ್ ಸೊಲೆನಾಯ್ಡುಗಳು 11ರಿಂದ 15 ಓಮ್ ತೋರಿಸಬೇಕು.

ಎಲ್ಲ ಗೇರ್‌ಬಾಕ್ಸುಗಳೂ ಹೀಗಲ್ಲ. ಎಷ್ಟೋ ಗಾಡಿಗಳು ಕರೆಂಟ್ ಹೋದರೆ ಎರಡನೇ ಅಥವಾ ಮೂರನೇ ಗೇರಿನಲ್ಲಿ ನಿಂತುಬಿಡುತ್ತವೆ. ನಿಮ್ಮ ಗಾಡಿಯ ರಿಪೇರಿ ಕೈಪಿಡಿ ನೋಡದೆ ಪ್ಲಗ್ ಮುಟ್ಟಬೇಡಿ. ಪರೀಕ್ಷೆ ಮುಗಿದ ಮೇಲೆ ಪ್ಲಗ್ ಹಾಕಿ, ಅದರಿಂದ ಹುಟ್ಟಿದ ಕೋಡ್ ಅಳಿಸಿ.

ಒಳಗೇ ಕೆಟ್ಟಿದ್ದರೆ

ಅದಕ್ಕೂ ಮುಖ ಇದೆ. ಮೂರರಿಂದ ನಾಲ್ಕಕ್ಕೆ ಹೋಗುವಾಗ ಆರ್‌ಪಿಎಂ ಇಳಿಯುವ ಬದಲು ಒಂದು ಕ್ಷಣ ಹಾರಿ, ಆಮೇಲೆ ಹಿಡಿಯುತ್ತದೆ. ಅಥವಾ ತಣ್ಣಗಿದ್ದಾಗ ಸರಿ ಹೋಗಿ, ಬಿಸಿಯಾದ ಮೇಲೆ ಏರಿನಲ್ಲಿ ಜಾರುತ್ತದೆ. ಪಿ0734 ಬಂದರೆ ನಾಲ್ಕನೇ ಗೇರಿನ ಲೆಕ್ಕ ತಾಳೆಯಾಗುತ್ತಿಲ್ಲ ಅಂತ. ಆಗ ಬೇರೆ ಗೇರುಗಳ ಸ್ಥಿತಿಯನ್ನೂ ನೋಡಬೇಕು. 700ಆರ್4ನಲ್ಲಿ ಒಂದೇ ಬ್ಯಾಂಡ್ (ಒಳಗಿನ ಡ್ರಮ್ಮನ್ನು ಸುತ್ತಿ ಬಿಗಿಹಿಡಿಯುವ ಪಟ್ಟಿ) ಎರಡನೇ ಗೇರಿಗೂ ನಾಲ್ಕನೆಯದಕ್ಕೂ ದುಡಿಯುತ್ತದೆ. ಒಂದು, ಮೂರು ಇದ್ದು, ಎರಡು, ನಾಲ್ಕು ಹೋಗಿದ್ದರೆ ಬ್ಯಾಂಡ್ ಸುಟ್ಟಿದೆ. ಮೂರು, ನಾಲ್ಕು ಎರಡೂ ಹೋಗಿದ್ದರೆ ಅವೆರಡಕ್ಕೂ ಇರುವ ಕ್ಲಚ್ ಹೋಗಿದೆ. ಪೆಟ್ಟಿಗೆ ತೆರೆಯದೆ ಇಷ್ಟು ಹೇಳಬಹುದು.

ನಾಲ್ಕರಲ್ಲಿ ಮಾತ್ರ ಜಾರುತ್ತಿದ್ದು ಮೂರು ಗಟ್ಟಿಯಾಗಿದ್ದರೆ, ರಿಪೇರಿಗೆ ಕೊಡುವವರೆಗೆ ಓವರ್‌ಡ್ರೈವ್ ಆಫ್ ಮಾಡಿಕೊಂಡು ಓಡಿಸಿ. ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಸದ್ದು ಜಾಸ್ತಿ, ಅಷ್ಟೆ. ಜಾರುವ ಗೇರಿನಲ್ಲೇ ಎಳೆದಾಡಿದರೆ ಪುಡಿಯಾದ ಪ್ಲೇಟಿನ ಚೂರು ಎಣ್ಣೆಯೊಡನೆ ಎಲ್ಲ ಕಡೆ ಹೋಗಿ ಒಳ್ಳೆಯ ಭಾಗಗಳನ್ನೂ ಹಾಳು ಮಾಡುತ್ತದೆ.

ಗ್ಯಾರೇಜಿಗೆ ಹೋಗುವಾಗ "ಓವರ್‌ಡ್ರೈವ್ ಕೆಲಸ ಮಾಡ್ತಿಲ್ಲ" ಅಂತಷ್ಟೇ ಹೇಳಬೇಡಿ. ನೂರರಲ್ಲಿ ಮುಳ್ಳು ಎಷ್ಟಿತ್ತು, ಬಿಸಿಯಾದಾಗಲೋ ತಣ್ಣಗಿದ್ದಾಗಲೋ, ಬ್ರೇಕ್ ಮುಟ್ಟಿದಾಗ ಜಿಗಿಯಿತಾ, ದೀಪ ಉರಿಯಿತೋ ಮಿಟುಕಿತೋ, ಕೋಡ್ ಯಾವುದು, ಎಣ್ಣೆಯ ಬಣ್ಣ ಏನು, ಇವನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಬೆಳಿಗ್ಗೆ ಮಾತ್ರ ಕಾಣುವ ದೋಷವಾದರೆ ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಬನ್ನಿ, ತಣ್ಣಗಿರುವಾಗಲೇ ಅವರು ಸ್ಟಾರ್ಟ್ ಮಾಡಿ ನೋಡಲಿ.